ನಾಯಿ ಮೆಚ್ಚಿದ ದಾರ

"ಇನ್ನು ಮುಂದೆ ಈ ಮನೆಯ ಯಾವ ಚರ್ಮದ ಸಾಮಾನೂ ಹೊರಗಿನವರ ಕೈಗೆ ಹೋಗತಕ್ಕದ್ದಲ್ಲ! ಹರಿದದ್ದನ್ನೆಲ್ಲ ನಾನೇ ಹೊಲಿಯುತ್ತೇನೆ!" ಎಂದು ಒಂದು ಭಾನುವಾರ ಬೆಳಿಗ್ಗೆ ನಾನು ಘೋಷಿಸಿದೆ.

ಘೋಷಣೆ ಕೇಳಲು ಆಗ ಮನೆಯಲ್ಲಿದ್ದ ಪ್ರಜೆ ಒಬ್ಬಳೇ, ನನ್ನ ಹೆಂಡತಿ. ಅವಳು ಪಶುವೈದ್ಯೆ. ನೆಲದ ಮೇಲೆ ಕೂತು, ತನ್ನ ಚರ್ಮದ ಬ್ಯಾಗಿನೊಳಗೆ ಕೈ ಇಳಿಸಿ, ತಳದ ಸಂದಿಯಿಂದ ಆಚೆ ಬಂದ ತನ್ನದೇ ಬೆರಳುಗಳನ್ನು ಆಡಿಸಿ ನೋಡುತ್ತಿದ್ದಳು. ಕೆಲಸಕ್ಕೆ ಸೇರಿದಾಗಿನಿಂದ ಅವಳ ಹೆಗಲಿಗೆ ಜೋತುಬಿದ್ದ ಬ್ಯಾಗು ಅದು. ಹಿಂದಿನ ದಿನ ತಳದ ಹೊಲಿಗೆ ಬಿಟ್ಟುಕೊಂಡು, ಅವಳ ಥರ್ಮಾಮೀಟರನ್ನು ಒಂದು ಹಸುವಿನ ಪಾದಕ್ಕೆ ಸಮರ್ಪಿಸಿ ಬಂದಿತ್ತು. ಹಸು ಅದನ್ನು ಸ್ವೀಕರಿಸಿ ತುಳಿದಿತ್ತು.

"ಚಪ್ಪಲಿ ರಿಪೇರಿಯವರಿಗೆ ಕೊಟ್ಟು ಬನ್ನಿ ಅಂದ್ರೆ ಭಾಷಣ ಯಾಕ್ರೀ ಮಾಡ್ತೀರಿ?" ಅಂದಳು.

"ಚರ್ಮದ ಕೈಹೊಲಿಗೆ ಒಂದು ಕಲೆ. ಅದು ನನಗೆ ಬರುತ್ತೆ."

"ಅಂಗಿ ಗುಂಡಿ ಹಾಕೋಕೆ ಕೂತು ಅಂಗೀನ ಬನೀನಿಗೆ ಸೇರಿಸಿ ಹೊಲಿದವರು ನೀವು."

"ಅದು ಬಟ್ಟೆ. ಬಟ್ಟೆ ಚಂಚಲ. ಚರ್ಮ ಗಂಭೀರವಾದ ವಸ್ತು, ಹಿಡಿದ ಹಾಗೆ ಹಿಡಿಸಿಕೊಳ್ಳುತ್ತೆ."

"ನಾನೂ ದಿನಾ ಚರ್ಮಾನೇ ಹೊಲಿಯೋದು ರೀ. ನಾನು ಹೊಲಿಯೋ ಚರ್ಮ ಒದೆಯುತ್ತೆ."

"ಹಾಗಾದ್ರೆ ಇದನ್ನೂ ನೀನೇ ಹೊಲಿದುಬಿಡು!"

"ಭಾನುವಾರಾನೂ ಸೂಜಿ ಹಿಡೀಬೇಕಾ? ನಿಮ್ಮ ಕಲೆ ನಿಮಗೇ ಇರಲಿ," ಎಂದು ಬ್ಯಾಗನ್ನು ನನ್ನ ಕಾಲ ಬಳಿ ಸರಿಸಿ ಅವಳು ಪೇಪರು ಓದಲು ಹೋದಳು.

ನನ್ನ ಕಲೆಗೆ ಗುರು ಎಂದರೆ ಮೊಬೈಲಿನ ವಿಡಿಯೋಗಳಲ್ಲಿ ಬರುವ ಒಬ್ಬ ಗಡ್ಡದ ಮನುಷ್ಯ. ಆತ ಮಾತನಾಡುವುದೇ ಇಲ್ಲ. ಒಂದೇ ದಾರದ ಎರಡು ತುದಿಗೂ ಸೂಜಿ ಕಟ್ಟಿಕೊಂಡು, ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ಎಳೆಯುತ್ತ, ನೋಡನೋಡುತ್ತಿದ್ದಂತೆ ಒಂದು ಪರ್ಸನ್ನು ಹುಟ್ಟಿಸಿಬಿಡುತ್ತಾನೆ. ಅವನಿಗೂ ನನಗೂ ಇರುವ ವ್ಯತ್ಯಾಸವೆಂದರೆ ಗಡ್ಡ ಮಾತ್ರ ಎಂದು ನಾನು ತಿಳಿದಿದ್ದೆ. ಅವನಿಂದ ನಾನು ಕಲಿತದ್ದು ಒಂದೇ ಪಾಠ. ಹೊಲಿಗೆಗೆ ಆಧಾರ ದಾರ! ದಾರ ಸರಿಯಾಗಿ ಆರಿಸಿದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧವನ್ನು ಅವನು ತುಂಬ ವೇಗವಾಗಿ ಮಾಡುತ್ತಿದ್ದುದರಿಂದ ನನಗೆ ಕಾಣಿಸಿರಲಿಲ್ಲ.

ದಾರದಂಗಡಿಗೆ ಹೋದೆ. ಅಂಗಡಿಯವನು ಗಿರಾಕಿಯ ಮನಸ್ಸು ನೋಯಿಸಲಾರದ ಸಾಧು. ಗಾಜಿನ ಮೇಜಿನ ಮೇಲೆ ರೀಲುಗಳ ಗುಡ್ಡೆಯನ್ನೇ ಹಾಕಿದ.

"ಇದು ಗಟ್ಟಿನಾ?" ಎಂದು ಹತ್ತಿಯ ದಾರ ಎತ್ತಿ ಕೇಳಿದೆ.

"ಬಹಳ ಗಟ್ಟಿ ಸಾರ್."

"ಈ ನೈಲಾನು?"

"ಅದೂ ಬಹಳ ಗಟ್ಟಿ."

"ಮೇಣ ಸವರಿದ್ದು ಇದೆಯಲ್ಲ, ಪಾಲಿಯೆಸ್ಟರು?"

"ಅದನ್ನಂತೂ ಕೇಳಲೇಬೇಡಿ."

"ಮೂರರಲ್ಲಿ ಯಾವುದು ಹೆಚ್ಚು ಗಟ್ಟಿ?"

"ನೀವು ಯಾವುದು ತಗೋತೀರೋ ಅದು ಸಾರ್!"

ಇಷ್ಟು ಖಚಿತವಾದ ಸಲಹೆ ಸಿಕ್ಕ ಮೇಲೆ ಮೂರನ್ನೂ ಕೊಂಡೆ. ಅದರ ಜೊತೆಗೆ ಚರ್ಮಕ್ಕೆ ತೂತು ಹೊಡೆಯಲು ಒಂದು ದಬ್ಬಣ. ದಬ್ಬಣ ಕೈಗೆ ಬಂದಾಗ ನನ್ನ ನಡಿಗೆಯೇ ಬದಲಾಗಿತ್ತು ಎಂದು ಆಮೇಲೆ ಹೆಂಡತಿ ಹೇಳಿದಳು. ಜೇಬಿನಲ್ಲಿ ಇಟ್ಟುಕೊಂಡಿದ್ದೆ, ತೊಡೆಗೆ ಚುಚ್ಚುತ್ತಿತ್ತು.

ಮೊದಲ ಪ್ರಯೋಗ ಹತ್ತಿಯ ದಾರದ್ದು. ಬಣ್ಣ ಚೆನ್ನಾಗಿ ಹೊಂದಿತು, ಹೊಲಿಗೆ ಸಾಲಾಗಿ ಬಂತು. ಮುಗಿಸಿ, ಒಳಗೆ ಅವಳ ಸಾಮಾನು ತುಂಬಿ, ಪ್ರದರ್ಶನಕ್ಕೆಂದು ಬ್ಯಾಗನ್ನು ಎತ್ತಿದೆ. ಬ್ಯಾಗು ಮೇಲೆ ಬಂತು. ತಳ ನೆಲದ ಮೇಲೇ ಕೂತಿತ್ತು, ಸಾಮಾನಿನ ಸಮೇತ.

ಎರಡನೆಯದು ನೈಲಾನು. ಅದು ಹರಿಯುವ ಜಾತಿಯಲ್ಲ, ಜಾರುವ ಜಾತಿ. ಗಂಟು ಹಾಕಿದರೆ ಮೆಲ್ಲಗೆ ಬಿಚ್ಚಿಕೊಂಡು ನನ್ನತ್ತ ನೋಡುತ್ತಿತ್ತು. ಗಡ್ಡದವನು ಹೀಗಾದಾಗ ದಾರದ ತುದಿಯನ್ನು ಬೆಂಕಿಗೆ ತಾಗಿಸಿ ಕರಗಿಸುತ್ತಿದ್ದ. ನಾನೂ ಕರಗಿಸಿದೆ. ಕರಗಿದ ನೈಲಾನು ಬ್ಯಾಗಿಗೆ ಅಂಟುವ ಬದಲು ನನ್ನ ಹೆಬ್ಬೆರಳಿಗೆ ಅಂಟಿತು. ನಾನು ಕೈ ಝಾಡಿಸಿದೆ. ಅದು ಸೋಫಾದ ಕವರಿಗೆ ಅಂಟಿತು. ಇವತ್ತಿಗೂ ನಮ್ಮ ಸೋಫಾದ ಎಡಗಡೆ ಒಂದು ದಿಂಬು ಖಾಯಂ ಕೂತಿದೆ. ಅದನ್ನು ಸರಿಸಬಾರದೆಂದು ನೆಂಟರಿಗೆಲ್ಲ ತಿಳಿಸಿದ್ದೇವೆ.

ಮೂರನೆಯದು ಮೇಣದ ಪಾಲಿಯೆಸ್ಟರು. ಇದು ಸಾಕ್ಷಾತ್ ತಂತಿ! ಹಲ್ಲಿನಿಂದ ಎಳೆದರೂ, ಜಪ್ಪಯ್ಯ ಅಂದರೂ ಹರಿಯಲಿಲ್ಲ. ಒಂದೊಂದು ಹೊಲಿಗೆಯನ್ನೂ ಕಾಲು ಕೊಟ್ಟು ಬಿಗಿದೆ. ಕೊನೆಯದನ್ನು ಬಿಗಿಯುವಾಗ 'ಪರ್' ಎಂದಿತು. ದಾರ ಹರಿದಿರಲಿಲ್ಲ. ಸೋಪನ್ನು ತಂತಿಯಿಂದ ಕತ್ತರಿಸಿದ ಹಾಗೆ, ಆ ತೆಳು ದಾರ ಹಳೆಯ ಚರ್ಮವನ್ನು ಉದ್ದಕ್ಕೂ ಕೊಯ್ದುಕೊಂಡು ಆಚೆ ಬಂದಿತ್ತು.

ಹೆಂಡತಿ ಬಂದು ನೋಡಿದಳು. "ಮೊದಲು ಬಾಯಿ ಮೇಲೆ ಮಾತ್ರ ಇತ್ತು. ಈಗ ಕೆಳಗೂ ಒಂದು ಆಯ್ತು," ಅಂದಳು. ಇನ್ನೆರಡು ದಿನ ಟೈಮು ಕೊಟ್ಟು, ಸೋಮವಾರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸಾಮಾನು ಹಾಕಿಕೊಂಡು ಆಸ್ಪತ್ರೆಗೆ ಹೋದಳು. ತರಕಾರಿ ತಂದ ಯಾರೋ ಹೆಂಗಸು ಎಂದುಕೊಂಡು ಅಲ್ಲಿ ಯಾರೂ ದಾರಿ ಬಿಡಲಿಲ್ಲವಂತೆ.

ಆಫೀಸಿಗೆ ರಜೆ ಹಾಕಿದ್ದ ನಾನು ಆ ಮಧ್ಯಾಹ್ನ ಕತ್ತರಿ ಹುಡುಕಲು ಅವಳ ಕಪಾಟು ತೆಗೆದೆ. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೆ ಬೇಕಾಗುತ್ತದೆಂದು ಅವಳು ಒಂದಿಷ್ಟು ಔಷಧಿ, ಸಿರಿಂಜು, ಬ್ಯಾಂಡೇಜು ಮನೆಯಲ್ಲೇ ಇಟ್ಟಿರುತ್ತಾಳೆ. ಅವುಗಳ ಹಿಂದೆ ಒಂದು ದುಂಡನೆಯ ಪ್ಲಾಸ್ಟಿಕ್ ಡಬ್ಬಿ. ಪಕ್ಕದ ಸಣ್ಣ ತೂತಿನಿಂದ ಒಂದು ದಾರದ ತುದಿ ಇಣುಕುತ್ತಿತ್ತು. ಎಳೆದೆ. ಬಂತು. ಇನ್ನೂ ಎಳೆದೆ. ಬರುತ್ತಲೇ ಇತ್ತು! ಹದವಾದ ದಪ್ಪ, ನಯವಾದ ಮೈ, ಅಚ್ಚ ಕಂದು ಬಣ್ಣ. ಬ್ಯಾಗಿನ ಪಕ್ಕ ಹಿಡಿದರೆ ದಾರ ಯಾವುದು, ಬ್ಯಾಗು ಯಾವುದು ತಿಳಿಯಬಾರದು, ಅಂಥ ಹೊಂದಾಣಿಕೆ.

ಡಬ್ಬಿಯ ಮೇಲೆ ಇರುವೆಸಾಲಿನಂತೆ ಏನೋ ಬರೆದಿತ್ತು. ಕನ್ನಡಕ ಒಳಗಿನ ಕೋಣೆಯಲ್ಲಿತ್ತು. ಸ್ಫೂರ್ತಿ ಬಂದು ಬಾಗಿಲಲ್ಲಿ ನಿಂತಿರುವಾಗ ಕನ್ನಡಕ ಹುಡುಕುತ್ತ ಹೋಗುವ ಕಲಾವಿದ ಎಲ್ಲಿದ್ದಾನೆ? ನನ್ನ ತರ್ಕ ಸರಳವಾಗಿತ್ತು. ಇದು ಹಸುವಿಗೆ ಹೊಲಿಗೆ ಹಾಕುವ ದಾರ. ಬದುಕಿರುವ, ಒದೆಯುವ ಹಸುವನ್ನೇ ಹಿಡಿದಿಡುವ ದಾರಕ್ಕೆ, ಯಾವತ್ತೋ ಸತ್ತು ಬ್ಯಾಗಾಗಿರುವ ಹಸು ಯಾವ ಲೆಕ್ಕ!

ಹರಿದ ಅಂಚಿನಿಂದ ಒಂದು ಬೆರಳು ಒಳಗೆ ಹೊಸ ಸಾಲು ತೂತು ಹೊಡೆದು, ಎರಡು ಸೂಜಿ ಹಿಡಿದು ಹೊಲಿದೆ. ದಾರ ಹೇಳಿದ ಮಾತು ಕೇಳಿತು, ಗಂಟು ಕಚ್ಚಿ ಕೂತಿತು. ಮೇಲೆ ಬೂಟ್ ಪಾಲಿಶು ತಿಕ್ಕಿ ಹೊಳಪು ಕೊಟ್ಟೆ.

ಸಂಜೆ ಹೆಂಡತಿ ಬ್ಯಾಗನ್ನು ತಿರುಗಿಸಿ, ಎಳೆದು, ಜಗ್ಗಿ ನೋಡಿದಳು. ಅವಳ ಮುಖದಲ್ಲಿ ನಾನು ಮದುವೆಯಾದಂದಿನಿಂದ ಕಾಯುತ್ತಿದ್ದ ಒಂದು ಭಾವ ಮೂಡಿತು.

"ಪರವಾಗಿಲ್ವೇ! ಚೆನ್ನಾಗಿ ಬಂದಿದೆ ರೀ. ಇದು ಯಾವ ದಾರ?"

ನಿನ್ನ ಕಪಾಟಿನದು ಎಂದರೆ ಅರ್ಧ ಕೀರ್ತಿ ಅವಳ ಪಾಲಾಗುತ್ತದೆ. "ಅದು ನಮ್ಮ ಕಸುಬಿನ ಗುಟ್ಟು," ಎಂದು ನನ್ನ ಬಾಯಿಗೆ ನಾನೇ ಹೊಲಿಗೆ ಹಾಕಿಕೊಂಡೆ.

ಮಾರನೆಯ ದಿನ ಅವಳು ಆಸ್ಪತ್ರೆಯಿಂದ ಬಂದದ್ದೇ ಬೇರೆ ಕಳೆಯಲ್ಲಿ.

"ಇವತ್ತು ಏನಾಯ್ತು ಗೊತ್ತಾ? ಆ ಬಿಳಿ ನಾಯಿ ಇದೆಯಲ್ಲ, ನನ್ನ ಕಂಡ್ರೆ ಗುರ್ ಅನ್ನೋದು? ಬಂದು ನನ್ನ ಮಡಿಲಲ್ಲಿ ತಲೆ ಇಟ್ಟು ಮಲಗಿಬಿಡ್ತು! ಎಳೆದ್ರೂ ಏಳಲಿಲ್ಲ."

"ಮಡಿಲಲ್ಲಿ ಬ್ಯಾಗಿತ್ತಾ?"

"ಇತ್ತು. ಯಾಕೆ?"

"ಸುಮ್ನೆ ಕೇಳಿದೆ. ಹೊಲಿಗೆ ಹೇಗಿದೆ ಅಂತ."

ದಿನದಿಂದ ದಿನಕ್ಕೆ ಅವಳ ಖ್ಯಾತಿ ಏರಿತು. ಇಂಜೆಕ್ಷನ್ ಕಂಡರೆ ಟೇಬಲ್ಲಿನಡಿ ನುಗ್ಗುತ್ತಿದ್ದ ನಾಯಿಗಳು ಬಾಲ ಅಲ್ಲಾಡಿಸುತ್ತ ಅವಳ ಹಿಂದೆ ಸಾಲುಗಟ್ಟಿದವು. ಅವಳು ಬಸ್ಸಿಗೆ ನಿಂತರೆ ಬೀದಿಯ ನಾಯಿಗಳು ಬಂದು ಬೀಳ್ಕೊಡುತ್ತಿದ್ದವು. ಪಕ್ಕದ ಮನೆಯ ಬೆಕ್ಕು, ಯಾರಿಗೂ ಸೊಪ್ಪು ಹಾಕದ ಆ ಮಹಾರಾಣಿ, ನಮ್ಮ ಕಿಟಕಿಯಲ್ಲಿ ಕೂತು ಪ್ರೇಮದಿಂದ ಕೂಗತೊಡಗಿತು. "ಮೂಕಪ್ರಾಣಿಗಳಿಗೆ ಮನಸ್ಸು ಅರ್ಥವಾಗುತ್ತೆ ರೀ," ಎನ್ನುತ್ತ ಹೆಂಡತಿ ಕಣ್ಣು ಒದ್ದೆ ಮಾಡಿಕೊಂಡಳು. ನನ್ನ ಸೂಜಿ ಬ್ಯಾಗನ್ನೇ ಸೂಜಿಗಲ್ಲು ಮಾಡಿಬಿಟ್ಟಿದೆ ಎಂಬುದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಈ ವಿಜಯವನ್ನು ನಾನು ಮನೆಯೊಳಗೇ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಆಫೀಸಿಗೆ ಕೊಂಡೊಯ್ದೆ. ನಮ್ಮದು ನೀರಿನ ಬಿಲ್ಲಿನ ಆಫೀಸು. ನನ್ನ ಕುರ್ಚಿ ಬಚ್ಚಲುಮನೆಯ ಬಾಗಿಲ ಪಕ್ಕ. ಯಾರು ಒಳಗೆ ಹೋದರೂ ಬಾಗಿಲು ನನ್ನ ಮೊಣಕೈಗೆ ತಗಲುತ್ತದೆ, ಹೊರಗೆ ಬಂದರೆ ಇನ್ನೊಮ್ಮೆ. ಕಿಟಕಿಯ ಪಕ್ಕದ ಒಳ್ಳೆಯ ಕುರ್ಚಿ ಈಚೆಗೆ ಖಾಲಿಯಾಗಿತ್ತು. ಅದು ಯಾರಿಗೆ ಎಂದು ತೀರ್ಮಾನಿಸುವವರು ನಮ್ಮ ಹೂಂ ಸಾಹೇಬರು. ಅವರು ಯಾವ ಪ್ರಶ್ನೆಗೂ 'ಹೂಂ' ಎನ್ನುವುದಕ್ಕಿಂತ ಹೆಚ್ಚು ಮಾತಾಡಿದ್ದನ್ನು ಕಂಡವರಿಲ್ಲ. ಆ ಹೂಂ ಹೌದೋ, ಅಲ್ಲವೋ, ತೊಲಗು ಎಂದೋ ತಿಳಿಯಲು ಅನುಭವ ಬೇಕು.

ನನ್ನ ಹೊಲಿಗೆಯ ಸುದ್ದಿ ಅವರ ಕಿವಿಗೂ ಬಿತ್ತು. ಒಂದು ದಿನ ಕರೆಸಿ, ತಮ್ಮ ಚರ್ಮದ ಬೆಲ್ಟನ್ನು ಮೇಜಿನ ಮೇಲಿಟ್ಟರು. ಬಕಲ್ಲಿನ ಬುಡದ ಹೊಲಿಗೆ ಬಿಟ್ಟಿತ್ತು.

"ಸಾರ್, ನಾಳೆಯೇ ಹೊಸದರ ಹಾಗೆ ಮಾಡಿ ತರ್ತೀನಿ! ಅಂಥ ದಾರ ನನ್ನ ಹತ್ತಿರ ಇದೆ."

"ಹೂಂ."

"ಸಾರ್, ಆ ಕಿಟಕಿ ಹತ್ತಿರದ ಕುರ್ಚಿ..."

"ಹೂಂಂಂ," ಎಂದರು. ಎಳೆದ ಹೂಂ! ಎಳೆದರೆ ಅದು ಒಲಿದ ಹೂಂ.

ಆ ಡಬ್ಬಿಯ ಮಿಕ್ಕ ದಾರವನ್ನೆಲ್ಲ ಬೆಲ್ಟಿಗೆ ಸುರಿದೆ. ಎರಡು ಸಾಲು ಬೇಕಿದ್ದಲ್ಲಿ ಐದು ಸಾಲು ಹಾಕಿ, ಮೇಲೆ ಪಾಲಿಶು ತಿಕ್ಕಿದೆ. ಸಾಹೇಬರು ಕಟ್ಟಿಕೊಂಡು ನೋಡಿ ಇನ್ನೂ ಉದ್ದದ ಹೂಂ ಹಾಕಿದರು. ನಾನು ಮೇಜಿನ ಸಾಮಾನು ಕಟ್ಟಿಡತೊಡಗಿದೆ.

ಎರಡು ದಿನ ಬಿಟ್ಟು, ಬೆಳಿಗ್ಗೆ ನಾನು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಾಗ ಆಸ್ಪತ್ರೆಯಿಂದ ಹೆಂಡತಿಯ ಫೋನು.

"ತಕ್ಷಣ ಇಲ್ಲಿಗೆ ಬನ್ನಿ. ನಿಮ್ಮ ಸಾಹೇಬರು ಬಂದಿದ್ದಾರೆ."

"ಅವರಿಗೇನಾಯ್ತು? ಪಶು ಆಸ್ಪತ್ರೆಗೆ ಯಾಕೆ ಬಂದ್ರು?"

"ಪ್ರಶ್ನೆ ಬೇಡ. ಬೇಗ ಬನ್ನಿ. ಬರೋವಾಗ ಒಂದು ಬೆಲ್ಟು ತನ್ನಿ."

ಅವಸರದಲ್ಲಿ ಓಡಿದೆ. ಬೆಲ್ಟು ತರಲು ಮರೆತೆ, ನನ್ನ ಸೊಂಟದಲ್ಲಿದ್ದದ್ದನ್ನು ಬಿಟ್ಟರೆ.

ಆಸ್ಪತ್ರೆಯ ಬೆಂಚಿನ ಮೇಲೆ ಸಾಹೇಬರು ಎರಡೂ ಕೈಗಳಿಂದ ಪ್ಯಾಂಟು ಹಿಡಿದು ಕೂತಿದ್ದರು. ಪರೀಕ್ಷೆಯ ಟೇಬಲ್ಲಿನ ಮೇಲೆ ಕರುವಿನ ಗಾತ್ರದ ಒಂದು ನಾಯಿ ನಾಲಿಗೆ ಚಾಚಿ, ಜಗತ್ತಿನ ಮೇಲೆ ತೃಪ್ತಿಯಿಂದ ಕಣ್ಣಾಡಿಸುತ್ತಿತ್ತು. ಅದು ಸಾಹೇಬರು ಸಾಕಿದ ನಾಯಿ, ಹೆಸರು ಮರಿ. ಬೆಳಗಿನ ವಾಕಿಂಗಿನಲ್ಲಿ ಅದು ದಾರಿಯುದ್ದಕ್ಕೂ ಸಾಹೇಬರ ಸೊಂಟವನ್ನೇ ಮೂಸುತ್ತ ಬಂದಿತ್ತಂತೆ. ಪಾರ್ಕಿನ ನಟ್ಟನಡುವೆ, ಹತ್ತಾರು ಜನ ವ್ಯಾಯಾಮ ಮಾಡುತ್ತಿದ್ದಾಗ, ಹಾರಿ ಬೆಲ್ಟಿಗೆ ಬಾಯಿ ಹಾಕಿ ಐದು ಸಾಲು ಹೊಲಿಗೆಯನ್ನೂ ಕಿತ್ತು ನುಂಗಿಬಿಟ್ಟಿತ್ತಂತೆ. ಬಕಲ್ಲು ಹುಲ್ಲಿಗೆ ಬಿತ್ತು. ಪ್ಯಾಂಟಿನ ವಿಷಯ ನಾನು ಕೇಳಲಿಲ್ಲ.

ಸಾಹೇಬರು ನನ್ನನ್ನು ಕಂಡದ್ದೇ ಬಡಬಡನೆ ಮಾತಾಡಿದರು. ಅಷ್ಟು ಮಾತು ಅವರೊಳಗೆ ಇತ್ತೆಂದು ಯಾರಿಗೂ ಗೊತ್ತಿರಲಿಲ್ಲ. "ಯಾವ ದಾರ ಹಾಕಿದ್ರೀ? ಇವನು ನಮ್ಮನೇಲಿ ಮಗ ಇದ್ದ ಹಾಗೆ ಕಣ್ರೀ! ಅಂಗೈಯಲ್ಲಿ ಇಟ್ಟುಕೊಂಡು ಸಾಕಿದ್ದೀನಿ. ಇವನಿಗೇನಾದ್ರೂ ಆದ್ರೆ ನಾನು ಮನೆಗೆ ಹೇಗೆ ಹೋಗ್ಲಿ?" ನನಗೆ ಮೊದಲ ಬಾರಿಗೆ ಕುರ್ಚಿ ಮರೆತುಹೋಯಿತು.

ಹೆಂಡತಿ ಇಕ್ಕಳದಲ್ಲಿ ಬೆಲ್ಟಿನ ತುಂಡು ಹಿಡಿದು ನನ್ನ ಮುಂದೆ ನಿಂತಳು. ನಾಯಿಯ ಜೊಲ್ಲಿನಲ್ಲಿ ಪಾಲಿಶೆಲ್ಲ ತೊಳೆದುಹೋಗಿ ಒಂದೆರಡು ಎಳೆ ಉಳಿದಿದ್ದವು.

"ರೀ, ನಿಜ ಹೇಳಿ. ಇದು ನೈಲಾನಾ, ಪಾಲಿಯೆಸ್ಟರಾ? ಅಂಥ ದಾರ ಕರುಳಲ್ಲಿ ಸಿಕ್ಕಿಕೊಂಡ್ರೆ ಕರುಳನ್ನೇ ಕೊಯ್ದುಬಿಡುತ್ತೆ. ಈಗಲೇ ಹೊಟ್ಟೆ ತೆರೀಬೇಕಾಗುತ್ತೆ. ಕಸುಬಿನ ಗುಟ್ಟು ಗಿಟ್ಟು ಅಂದ್ರೆ ನಿಮ್ಮ ಹೊಟ್ಟೇನೇ ತೆರೀತೀನಿ!"

ಸಾಹೇಬರು ನೋಡುತ್ತಿದ್ದರು. ಮರಿ ಕೂಡ ನೋಡುತ್ತಿತ್ತು.

"ಅದು... ನನ್ನ ದಾರ ಅಲ್ಲ," ಎಂದೆ.

"ಮತ್ತೆ ಯಾರದ್ದು?"

"ನಿನ್ನದು. ಕಪಾಟಿನಲ್ಲಿತ್ತು."

"ಯಾವುದು?"

"ದುಂಡು ಡಬ್ಬಿ. ಕಂದು ಬಣ್ಣ. ಎಳೆದ್ರೆ ಬರ್ತಾನೇ ಇರುತ್ತಲ್ಲ..."

ಅವಳು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹತ್ತಿರ ತಂದು ಮೂಸಿದಳು. ಆಮೇಲೆ ಗೋಡೆಗೆ ಒರಗಿಕೊಂಡು, ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಸಾಹೇಬರು ಎದ್ದು ನಿಂತರು, ಪ್ಯಾಂಟಿನ ನೆನಪಾಗಿ ಕೂತರು. ಅವಳು ನಗುತ್ತಿದ್ದಳು.

"ಅದು ಕರುಳಿನ ದಾರ ಕಣ್ರೀ! ಕುರಿ, ದನದ ಕರುಳಿಂದ ಮಾಡಿದ್ದು. ಹೊಟ್ಟೆ ಒಳಗಿನ ಹೊಲಿಗೆಗೆ ಹಾಕೋದು, ತಾನಾಗೇ ಕರಗಲಿ ಅಂತ."

"ಕರಗುತ್ತಾ?"

"ಕರಗದೆ? ಇವನಿಗೆ ಅದು ತಿಂಡಿ ಇದ್ದ ಹಾಗೆ. ಸಾರ್, ಹೆದರಬೇಡಿ. ಏನೂ ಆಗಲ್ಲ. ಸುಮ್ನೆ ಒಂದು ದಿನ ಗಮನಿಸಿ ಸಾಕು."

ಸಾಹೇಬರು ಮರಿಯ ಕುತ್ತಿಗೆ ತಬ್ಬಿಕೊಳ್ಳಲು ಕೈ ಚಾಚಿದರು. ಪ್ಯಾಂಟಿಗೆ ಒಂದು ಕೈಯನ್ನು ಕಾವಲು ಬಿಟ್ಟು, ಇನ್ನೊಂದರಲ್ಲಿ ತಬ್ಬಿಕೊಂಡರು. ಆದರೆ ಮರಿಯ ಮೂಗು ಆಗಲೇ ಬೇರೆ ದಿಕ್ಕಿಗೆ ತಿರುಗಿತ್ತು. ಮೂಲೆಯ ಸ್ಟೂಲಿನ ಮೇಲೆ ಹೆಂಡತಿಯ ಬ್ಯಾಗು! ಟೇಬಲ್ಲಿನಿಂದ ಒಂದೇ ನೆಗೆತ. ಹಿಡಿಯಬೇಕಾದ ಸಾಹೇಬರಿಗೆ ಇದ್ದದ್ದು ಒಂದೇ ಕೈ. ಮರಿ ಬ್ಯಾಗಿನ ತಳವನ್ನು ಈ ತುದಿಯಿಂದ ಆ ತುದಿಯವರೆಗೆ ಸುಲಿದು ಚಪ್ಪರಿಸಿತು. ಹೊಸ ಥರ್ಮಾಮೀಟರು, ಕತ್ತರಿ, ಮಾತ್ರೆ, ಬಾಚಣಿಗೆ ಎಲ್ಲ ನೆಲದ ಮೇಲೆ ಉರುಳಿದವು.

ಆ ಗದ್ದಲದಲ್ಲೂ ನನ್ನ ತಲೆ ಕೆಲಸ ಮಾಡುತ್ತಿತ್ತು. ಗಂಟಲು ಸರಿಮಾಡಿಕೊಂಡೆ.

"ಅಂದ್ರೆ ಸಾರ್, ನಾನು ಬೇರೆ ಯಾವುದೇ ದಾರ ಆರಿಸಿದ್ರೂ ಮರಿಯ ಪ್ರಾಣಕ್ಕೆ ಅಪಾಯ ಆಗ್ತಿತ್ತು! ಸರಿಯಾದ ದಾರ ಆರಿಸಿದ್ದರಿಂದಲೇ..."

"ಹೌದು," ಅಂದಳು ಹೆಂಡತಿ. "ಬೇರೆ ಯಾವುದೇ ದಾರ ಆಗಿದ್ರೆ ಅದು ತಿಂತಾನೇ ಇರಲಿಲ್ಲ."

ಸಾಹೇಬರು ನನ್ನ ಸೊಂಟ ನೋಡಿದರು. ನಾನು ಅರ್ಥಮಾಡಿಕೊಂಡು ನನ್ನ ಬೆಲ್ಟು ಬಿಚ್ಚಿ ಕೊಟ್ಟೆ. ಅದು ರೆಕ್ಸಿನ್ನಿನದು, ಅಂಗಡಿಯ ಹೊಲಿಗೆ. ಮರಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೊರಡುವಾಗ ನಾನು ಮೆಲ್ಲಗೆ, "ಸಾರ್, ಆ ಕಿಟಕಿ ಪಕ್ಕದ ಕುರ್ಚಿ..." ಎಂದೆ.

ಸಾಹೇಬರು ನಿಂತು, ಯೋಚಿಸಿ, ಇಡೀ ವಾಕ್ಯದಲ್ಲೇ ಉತ್ತರ ಕೊಟ್ಟರು. "ಅದರ ಸೀಟು ಚರ್ಮದ್ದು ಕಣ್ರೀ. ನಿಮ್ಮ ಕೈಗೆ ಸಿಗೋದು ಬೇಡ."

ಸಂಜೆಗೆ ಬ್ಯಾಗು ಚಪ್ಪಲಿ ರಿಪೇರಿಯವರ ಬಳಿ ಸೇರಿತು. ಹೆಂಡತಿಯೇ ಕೊಟ್ಟು ಬಂದಳು, ನನ್ನನ್ನು ರಸ್ತೆಯ ಆಚೆ ಬದಿಯಲ್ಲೇ ನಿಲ್ಲಿಸಿದ್ದಳು. ಆಮೇಲೆ ಇಬ್ಬರೂ ಮನೆಯ ಕಡೆ ನಡೆದೆವು. ಬೆಳಿಗ್ಗೆ ಅವಳು ನನ್ನ ಪ್ಯಾಂಟಿಗೆ ಬೆಲ್ಟಿನ ಬದಲು ಬಿಗಿದು ಕಟ್ಟಿದ್ದ ಬ್ಯಾಂಡೇಜು ಹಾಗೇ ಇತ್ತು. ದಾರಿಯಲ್ಲಿ ನಾಯಿಗಳು ಎದುರಾದವು. ಒಂದೂ ಅವಳ ಹತ್ತಿರ ಬರಲಿಲ್ಲ. ಒಂದು ದೂರದಿಂದಲೇ ಆಕಳಿಸಿತು.

ಅವಳು ಅದನ್ನು ತಿರುಗಿ ತಿರುಗಿ ನೋಡಿದಳು. "ಆ ಬಿಳಿ ನಾಯಿ ಇವತ್ತು ಮತ್ತೆ ಗುರ್ ಅಂತು ರೀ," ಅಂದಳು. "ನಿಜವಾಗ್ಲೂ ನನ್ನ ಮೇಲೆ ಪ್ರೀತಿ ಅಂದ್ಕೊಂಡಿದ್ದೆ."

ಬೈದಿದ್ದರೆ ಎಷ್ಟೋ ಮೇಲಿತ್ತು. ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು.

"ನಾಯಿಗಳು ಹೋದ್ರೆ ಹೋಗ್ಲಿ ಬಿಡು. ನಾನಿದ್ದೀನಲ್ಲ!"

ಅವಳು ನಿಂತಳು. ನನ್ನನ್ನು ನೆತ್ತಿಯಿಂದ ಹಿಡಿದು ಸೊಂಟದ ಬ್ಯಾಂಡೇಜಿನವರೆಗೆ ಒಮ್ಮೆ ನಿಧಾನವಾಗಿ ನೋಡಿದಳು.

"ಹೌದು ರೀ, ನೀವಿದ್ದೀರಿ. ಕರಗಲ್ಲ, ಬಿಚ್ಚಿಕೊಳ್ಳಲ್ಲ, ಯಾವ ನಾಯೀನೂ ಮೂಸಿ ನೋಡಲ್ಲ!"